ಮನಿ ಕೊಡಸಾವ ಯಾರ ಮನಷ್ಯ?

ಕಲಬುರಗಿಯ ನೆಹರು ಗಂಜಿನಲ್ಲಿ ಒಂದು ಚೀಲ ತೊಗರಿ ಮಾರಬೇಕಾದರೂ ಅಡತಿ ಅಂಗಡಿಯವನ ಹತ್ತಿರ ಲೈಸೆನ್ಸ್ ಇರಬೇಕು. ಚೀಲ ತೂಗಬೇಕು, ದರ ಬರೀಬೇಕು, ಕೊನೆಗೆ ರೈತನ ಕೈಗೆ ಪಟ್ಟಿ ಕೊಡಬೇಕು. ಗಂಜಿನಲ್ಲಿ ಮೋಸವೇ ನಡೆಯುವುದಿಲ್ಲ ಎಂದು ಬರೆದರೆ ಓದುಗರು ನಕ್ಕಾರು, ಆ ಮಾತು ಬೇಡ. ಆದರೆ ಮೋಸ ಆದಾಗ ಹಿಡಿದು ತೋರಿಸಲಿಕ್ಕೆ ರೈತನ ಕಿಸೆಯಲ್ಲಿ ಒಂದು ಚೀಟಿಯಾದರೂ ಇರುತ್ತದೆ.

ಅದೇ ರೈತ ಅದೇ ತೊಗರಿ ರೊಕ್ಕಕ್ಕೆ ಇನ್ನಷ್ಟು ಸಾಲ ಸೇರಿಸಿ ಆಳಂದದಲ್ಲೊಂದು ಮನಿಯನ್ನೋ, ಕಲಬುರಗಿಯ ಆಳಂದ ರೋಡಿನಲ್ಲೊಂದು ಪ್ಲಾಟನ್ನೋ ತಗೊಳ್ಳಲಕ್ಕ ಹೊರಡಲಿ. ಅವನ ಮುಂದೆ ಬಂದು ನಿಲ್ಲುವ ದಲಾಲನಿಗೆ ಲೈಸೆನ್ಸ್ ಇದೆಯೇ? ಅಂಗಡಿ ಇದೆಯೇ? ಬೋರ್ಡ್ ಇದೆಯೇ? ಒಂದು ಮೋಟಾರ್ ಸೈಕಲ್, ಎರಡು ಮೊಬೈಲ್, ಬಾಯಿ ತುಂಬ ಕಾಕಾ, ಮಾಮಾ, ಅಣ್ಣಾ. ಬಂಡವಾಳ ಇಷ್ಟೇ. ಪಟ್ಟಿ ಕೇಳಿದರೆ, "ನಮ್ಮ ನಿಮ್ಮ ನಡುವ ಪಟ್ಟಿ ಯಾಕ್ರಿ ಕಾಕಾ?" ಎಂಬ ಉತ್ತರ ತಯಾರಿರುತ್ತದೆ.

ತೊಗರಿಯಲ್ಲಿ ಮೋಸ ಹೋದವನಿಗೆ ಬರುವ ವರ್ಷ ಮತ್ತೊಂದು ರಾಶಿ ಇದೆ. ಮನಿಯಲ್ಲಿ ಮೋಸ ಹೋದವನಿಗೆ ಏನಿದೆ? ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಮನಿ ಎಂದರೆ ಜೀವನದಲ್ಲಿ ಒಂದು ಸಲದ ಮಾತು. ಹೆಂಡತಿಯ ಬಂಗಾರ, ಮಗನ ಪುಣೆ ದುಡಿಮೆ, ಬ್ಯಾಂಕಿನ ಸಾಲ, ಎಕರೆ ಹೊಲ ಮಾರಿದ ರೊಕ್ಕ ಎಲ್ಲಾ ಕೂಡಿದರೆ ಒಂದು ಮನಿ. ಅಂಥ ರೊಕ್ಕವನ್ನು ಯಾರ ಮಾತು ನಂಬಿ ಎಣಿಸುತ್ತೇವೆ ಎಂಬುದನ್ನು ಮಾತ್ರ ಒಂದು ಕಪ್ಪು ಚಹಾ ಕುಡಿಯುವ ಹೊತ್ತಿನಲ್ಲಿ ತೀರ್ಮಾನಿಸುತ್ತೇವೆ. ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸುವ ಜನ ನಾವು. ದಲಾಲನ ಹಲ್ಲು ಎಣಿಸುವುದಿಲ್ಲ.

ದಲಾಲ ಬೇಡವೇ ಬೇಡ ಎಂದು ಈ ಅಂಕಣ ಹೇಳುತ್ತಿಲ್ಲ. ಯಾವ ಓಣಿಯಲ್ಲಿ ಯಾವ ಮನಿ ಮಾರಾಟಕ್ಕಿದೆ, ಯಾರ ಅಣ್ಣತಮ್ಮಂದಿರಲ್ಲಿ ಪಾಲಾಗಿದೆ, ಯಾರಿಗೆ ಮಗಳ ಮದುವೆಗೆ ರೊಕ್ಕ ಬೇಕಾಗಿದೆ, ಇದೆಲ್ಲ ಪೇಪರಿನಲ್ಲಿ ಬರುವ ಸುದ್ದಿಯಲ್ಲ. ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸುವುದು ಒಂದು ಕೆಲಸ. ಕೆಲಸಕ್ಕೆ ಕೂಲಿ ಇದೆ. ಶೇಕಡಾ ಒಂದೋ ಎರಡೋ ಕೊಟ್ಟರೆ ಯಾರೂ ಹಾಳಾಗುವುದಿಲ್ಲ. ತಕರಾರು ಇರುವುದು ಕಾಣುವ ಕೂಲಿಯ ಬಗ್ಗೆ ಅಲ್ಲ, ಕಾಣದ ಕೂಲಿಯ ಬಗ್ಗೆ.

ವಲ್ಲಿ ಕೆಳಗಿನ ವ್ಯಾಪಾರ

ದನದ ಸಂತೆಯ ವ್ಯಾಪಾರ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ದಲಾಲ ತನ್ನ ಕೈ ಮೇಲೆ ವಲ್ಲಿ ಹಾಕಿಕೊಂಡು, ಅದರ ಕೆಳಗೆ ಮಾರುವವನ ಬೆರಳು ಹಿಡಿದು ಒಂದು ದರ ಕೇಳುತ್ತಾನೆ. ಆಮೇಲೆ ಕೊಳ್ಳುವವನ ಬೆರಳು ಹಿಡಿದು ಇನ್ನೊಂದು ದರ ಹೇಳುತ್ತಾನೆ. ಎರಡು ದರಗಳೂ ಗೊತ್ತಿರುವವನು ಅವನೊಬ್ಬನೇ. ಸಂತೆಯಲ್ಲಿ ಸುತ್ತ ನಿಂತ ನಾಲ್ಕು ಜನ ಇರುತ್ತಾರೆ, ಎತ್ತು ಕಣ್ಣ ಮುಂದೆ ಇರುತ್ತದೆ, ದಲಾಲ ಬಹಳ ಹಾರಾಡಲಾರ. ಮನಿ ವ್ಯಾಪಾರದಲ್ಲಿ ವಲ್ಲಿ ದೊಡ್ಡದು, ನಿಂತು ನೋಡುವವರು ಯಾರೂ ಇಲ್ಲ.

ಮಟಕಿಯವನೊಬ್ಬ (ಹೆಸರಿಗೆ ಕಾಳಿನ ಊರು, ಹೊಲದ ತುಂಬ ತೊಗರಿ) ಪುಣೆಯಲ್ಲಿ ಹದಿನೈದು ವರ್ಷ ಕಟ್ಟಡದ ಕೆಲಸ ಮಾಡಿ, ಊರ ಕಡೆ ಬಂದು ಆಳಂದದಲ್ಲಿ ಮನಿ ಕೊಳ್ಳಲು ನೋಡುತ್ತಿದ್ದಾನೆ ಎಂದು ಇಟ್ಟುಕೊಳ್ಳಿ. ಮನಿ ಮಾಲಕ ದಲಾಲನಿಗೆ ಹೇಳಿರುವುದು, "ನನಗ 9 ಲಕ್ಷ ಬರಬೇಕು. ಮ್ಯಾಲ ಏನ್ ಬರ್ತದೋ ನಿಂದು." ದಲಾಲ ಮಟಕಿಯವನಿಗೆ ಹೇಳುವುದು, "ಅಣ್ಣಾ, ಮಾಲಕರು ಹನ್ನೊಂದೂವರಿ ಅಂತಾರ. ನೀವು ಸುಮ್ಮಕಿರ್ರಿ, ನಾ ಹನ್ನೊಂದಕ್ಕ ತರ್ತೀನಿ." ಹನ್ನೊಂದಕ್ಕೆ ತಂದೇ ತರುತ್ತಾನೆ. ಮಟಕಿಯವ ಐವತ್ತು ಸಾವಿರ ಉಳಿಸಿಕೊಟ್ಟ ಪುಣ್ಯಾತ್ಮ ಎಂದು ಅವನಿಗೆ ಊಟ ಹಾಕಿಸುತ್ತಾನೆ.

ಈಗ ಲೆಕ್ಕ ಹಾಕಿ. 11 ಲಕ್ಷಕ್ಕೆ ಕೊಳ್ಳುವವನಿಂದ ಶೇಕಡಾ 2ರಂತೆ 22,000 ರೂಪಾಯಿ. 9 ಲಕ್ಷಕ್ಕೆ ಮಾರುವವನಿಂದ ಶೇಕಡಾ 2ರಂತೆ 18,000. ಕಾಣುವ ದಲಾಲಿ ಒಟ್ಟು 40,000. ವಲ್ಲಿ ಕೆಳಗಿನದು 2 ಲಕ್ಷ. ದಿನಕ್ಕೆ 800 ರೂಪಾಯಿ ದುಡಿಯುವವನಿಗೆ ಆ 2 ಲಕ್ಷ ಎಂದರೆ 250 ದಿನದ ಕೂಲಿ. ವರ್ಷದ ಮೂರು ಪಾಲಿನಲ್ಲಿ ಎರಡು ಪಾಲು ಅವನು ಪುಣೆಯಲ್ಲಿ ಇಟ್ಟಿಗೆ ಹೊತ್ತದ್ದು ಈ ಊಟ ಮಾಡಿ ಹೋದವನಿಗಾಗಿ.

ಇಷ್ಟು ರೊಕ್ಕ ಕಣ್ಣಿಗೆ ಬೀಳದೆ ಹೇಗೆ ಹೋಗುತ್ತದೆ ಎಂದು ಕೇಳಬಹುದು. ಖರೀದಿ ಪತ್ರದಲ್ಲಿ ಸರ್ಕಾರದ ಮಾರ್ಗಸೂಚಿ ದರದಷ್ಟು ಬರೆಯುತ್ತಾರೆ, ಅದು 6 ಲಕ್ಷ ಎಂದಿಟ್ಟುಕೊಳ್ಳಿ. ಉಳಿದ 5 ಲಕ್ಷ ಕೈಯಿಂದ ಕೈಗೆ. ಯಾರ ಕೈಯಿಂದ? ದಲಾಲನ ಕೈಯಿಂದ. ಕೊಳ್ಳುವವ 5 ಕೊಡುತ್ತಾನೆ, ಮಾರುವವನಿಗೆ 3 ಮುಟ್ಟುತ್ತದೆ. ಇಬ್ಬರೂ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ, ಆದರೆ ಪರಸ್ಪರ ಮಾತಾಡುವುದಿಲ್ಲ. ಮಾತಾಡಬಾರದೆಂದು ದಲಾಲ ಮೊದಲೇ ಇಬ್ಬರ ಕಿವಿಯಲ್ಲೂ ಊದಿರುತ್ತಾನೆ. "ಮಾಲಕರು ಭಾಳ ಸಿಟ್ಟಿನವರು ಅದಾರ, ದರದ ಮಾತು ತೆಗೀಬ್ಯಾಡ್ರಿ, ವ್ಯಾಪಾರ ಮುರೀತದ."

ಆದ್ದರಿಂದ ದಲಾಲನನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ 'ನಿನ್ನ ಹತ್ರ ಯಾವ್ಯಾವ ಮನಿ ಅದಾವ' ಎಂಬುದಲ್ಲ. 'ನೀ ಯಾರ ಮನಷ್ಯ?' ಎಂಬುದು. ನನ್ನ ಕಡೆಯವನೋ, ಮಾಲಕನ ಕಡೆಯವನೋ? ಇಬ್ಬರ ಕಡೆಯವನೂ ಎಂದರೆ, ಸರಿ, ಇಬ್ಬರ ಎದುರಿಗೂ ಅದನ್ನು ಹೇಳು. ನಿನ್ನ ಕೂಲಿ ಎಷ್ಟು, ಯಾರಿಂದ ಎಷ್ಟು, ಯಾವಾಗ, ಒಂದು ಹಾಳೆಯಲ್ಲಿ ಬರೆದು ಸಹಿ ಮಾಡು. ಈ ಹಾಳೆ ಕಂಡ ಕೂಡಲೇ ಮುಖ ಗಂಟು ಹಾಕುವವನನ್ನು ಅಲ್ಲಿಂದಲೇ ಕಳಿಸಿಬಿಡಿ. ಒಂದು ಹಾಳೆಗೆ ಇಷ್ಟು ಬಲ ಎಲ್ಲಿಂದ ಬಂತು ಎಂದರೆ 1872ರಿಂದ. ಆ ವರ್ಷದ ಕಾಂಟ್ರಾಕ್ಟ್ ಕಾಯಿದೆಯ 216ನೇ ಕಲಂ ಪ್ರಕಾರ, ಏಜಂಟನಾದವನು ತನ್ನ ಧಣಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತದ ವ್ಯಾಪಾರ ಮಾಡಿ ಲಾಭ ಹೊಡೆದರೆ ಆ ಲಾಭವನ್ನು ಕೇಳುವ ಹಕ್ಕು ಧಣಿಗಿದೆ. ಆದರೆ ಅವನು ನಿಮ್ಮ ಏಜಂಟ್ ಎಂದು ತೋರಿಸಲು ಏನಾದರೂ ಬೇಕಲ್ಲ? ಕಾಗದವಿಲ್ಲದ ದಲಾಲ ಕೋರ್ಟಿನ ಮುಂದೆ ಯಾರ ಮನುಷ್ಯನೂ ಅಲ್ಲ, ದಾರಿಯಲ್ಲಿ ಸಿಕ್ಕವ.

ಇದು ನಮ್ಮ ಕಡೆಯ ರೋಗ ಮಾತ್ರವೇ ಎಂದುಕೊಳ್ಳಬೇಡಿ. ಅಮೆರಿಕದಲ್ಲಿಯೂ ಮನಿ ಮಾರುವ ಏಜಂಟರ ಕಮಿಷನ್ ಬಗ್ಗೆ ದೊಡ್ಡ ಖಟ್ಲೆ ನಡೆದು, ಅಲ್ಲಿಯ ಏಜಂಟರ ಸಂಘ 2024ರಲ್ಲಿ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಅದೇ ವರ್ಷದ ಆಗಸ್ಟ್ 17ರಿಂದ ಅಲ್ಲಿ ಆ ಸಂಘದ ಏಜಂಟ್, ಕೊಳ್ಳುವವನಿಗೆ ಮನಿ ತೋರಿಸುವ ಮೊದಲೇ ಅವನ ಜೊತೆ ಲಿಖಿತ ಕರಾರು ಮಾಡಿಕೊಳ್ಳಬೇಕು, ಕೂಲಿ ಎಷ್ಟೆಂದು ಅದರಲ್ಲಿ ಇರಬೇಕು. ಅವರು ಅಷ್ಟೆಲ್ಲ ಡಾಲರ್ ತೆತ್ತು ಕಲಿತದ್ದನ್ನು ನಾವು ಒಂದು ಬಿಳಿ ಹಾಳೆಯಲ್ಲಿ ಕಲಿಯಬಹುದು.

ಕಾಯಿದೆ ಇದೆ, ಎಲ್ಲಿದೆ?

ನಮ್ಮಲ್ಲಿ ಕಾಯಿದೆ ಇಲ್ಲವೇ? ಇದೆ. ರೇರಾ ಎಂದು ಕರೆಯುವ 2016ರ ಕಾಯಿದೆ 2017ರ ಮೇ 1ರಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ನೋಂದಣಿಯಾದ ಬಡಾವಣೆಯ ಪ್ಲಾಟು, ಮನಿ ಮಾರಿಸುವ ಏಜಂಟ್ ತಾನೂ ನೋಂದಣಿ ಮಾಡಿಸಿರಬೇಕು. ಪ್ರತಿ ವ್ಯಾಪಾರದಲ್ಲೂ ತನ್ನ ನಂಬರ್ ಹೇಳಬೇಕು, ಲೆಕ್ಕದ ಪುಸ್ತಕ ಇಡಬೇಕು, ಬುಕಿಂಗ್ ಹೊತ್ತಿಗೆ ಕೊಳ್ಳುವವನಿಗೆ ಎಲ್ಲ ಕಾಗದ ಸಿಗುವಂತೆ ಮಾಡಬೇಕು. ನೋಂದಣಿ ಇಲ್ಲದೆ ದಂಧೆ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿ ಬೆಲೆಯ ಶೇಕಡಾ 5ರ ತನಕ ಏರಬಹುದು. ಬಡಾವಣೆ ಮಾಡಿದವನು ರಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಮುಟ್ಟುವ ಹಾಗಿಲ್ಲ.

ಕೇಳಲಿಕ್ಕೆ ಚೆಂದ. ಈಗ ಈ ಕಾಯಿದೆಯನ್ನು ಬಸ್ ಹತ್ತಿಸಿ ಆಳಂದಕ್ಕೆ ಕರೆತನ್ನಿ. ಹಳೇ ಮನಿ ಒಬ್ಬನಿಂದ ಒಬ್ಬನಿಗೆ ಮಾರಾಟವಾದರೆ ರೇರಾಕ್ಕೆ ಸಂಬಂಧವಿಲ್ಲ. ಯೋಜನಾ ಪ್ರದೇಶದ ಹೊರಗಿನ ಹಳ್ಳಿಯ ಹೊಲದಲ್ಲಿ ಕಲ್ಲು ನೆಟ್ಟರೆ ಕಾಯಿದೆ ತಾನಾಗಿ ಅಲ್ಲಿಗೆ ಬರುವುದಿಲ್ಲ. ಯೋಜನಾ ಪ್ರದೇಶದ ಒಳಗಿದ್ದರೂ 500 ಚದರ ಮೀಟರ್ ತನಕ ವಿನಾಯಿತಿ. ಅಂದರೆ ಹೆಚ್ಚುಕಮ್ಮಿ ಐದು ಗುಂಟೆ. ಪ್ರಾಧಿಕಾರದ ಕಚೇರಿ ಇರುವುದು ಬೆಂಗಳೂರಿನಲ್ಲಿ. ಒಬ್ಬ ವ್ಯಕ್ತಿ ಏಜಂಟ್ ಆಗಿ ನೋಂದಣಿ ಮಾಡಿಸಲು ಕರ್ನಾಟಕದ ನಿಯಮದಲ್ಲಿ ಇಟ್ಟಿರುವ ಫೀಸು 25,000 ರೂಪಾಯಿ. ವರ್ಷಕ್ಕೆ ಎರಡು ಮನಿ ಕೊಡಿಸಿ ಐದೈದು ಸಾವಿರ ಪಡೆಯುವ ನಮ್ಮ ಓಣಿಯ ದಲಾಲ ಅಷ್ಟು ಫೀಸು ಕಟ್ಟಿ ಬೆಂಗಳೂರಿನ ನಂಬರ್ ತರುತ್ತಾನೆಂದು ಯಾರು ನಂಬುತ್ತಾರೆ? ಹೀಗಾಗಿ ದೊಡ್ಡ ಊರಿನ ದೊಡ್ಡ ಬಡಾವಣೆಗೆ ಕಾಯಿದೆ, ಸಣ್ಣ ಊರಿನ ಸಣ್ಣ ಮನಷ್ಯನಿಗೆ ದೇವರು.

ಆದರೂ ಕಲಬುರಗಿ ಪಟ್ಟಣದ ಸುತ್ತಮುತ್ತ ಪ್ಲಾಟು ನೋಡುವವರು ಇದನ್ನು ಬಿಡಬಾರದು. ಬಡಾವಣೆಯ ರೇರಾ ನಂಬರ್, ಏಜಂಟನ ರೇರಾ ನಂಬರ್ ಎರಡನ್ನೂ ಕೇಳಿ, ಮೊಬೈಲ್ ಬಲ್ಲ ಹುಡುಗನ ಕೈಯಲ್ಲಿ ಪ್ರಾಧಿಕಾರದ ತಾಣದಲ್ಲಿ ಹುಡುಕಿಸಿ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಗೆ ಬಂದ ಮೇಲೆ ಆಳಂದ ರೋಡಿನ ಹೊಲಗಳಲ್ಲಿ ತೊಗರಿಯ ಜೊತೆಗೆ ಸುಣ್ಣ ಬಳಿದ ಕಲ್ಲುಗಳೂ ಬೆಳೆಯತೊಡಗಿದವು. 'ಯೂನಿವರ್ಸಿಟಿ ಹತ್ರ' ಎಂದು ಮಾರುವ ಪ್ಲಾಟು ಯೂನಿವರ್ಸಿಟಿಯಿಂದ ಎಷ್ಟು ಮೈಲಿ ಎಂದು ದಲಾಲನ ಗಾಡಿ ಮೇಲೆ ಕುಳಿತು ಅಳೆಯಬೇಡಿ. ಬಸ್ಸಿನಲ್ಲಿ ಹೋಗಿ ಇಳಿದು ನಡೆಯಿರಿ.

ಬಾಂಡ್ ಎಂಬ ಬಲೆ

ನಮ್ಮ ಕಡೆ ಮೋಸದ ದೊಡ್ಡ ಹೆಸರು 'ಬಾಂಡ್ ಪ್ಲಾಟು'. ಒಬ್ಬ ರೈತನ ಎರಡೆಕರೆ ಹೊಲ. ಎನ್.ಎ. ಆಗಿಲ್ಲ, ಅಂದರೆ 1964ರ ಭೂ ಕಂದಾಯ ಕಾಯಿದೆಯ 95ನೇ ಕಲಮಿನ ಪ್ರಕಾರ ಕೃಷಿಯೇತರಕ್ಕೆ ಬದಲಾಗಿಲ್ಲ. ದಲಾಲ ರೈತನಿಗೆ ಒಂದಿಷ್ಟು ಇಸಾರ ಕೊಟ್ಟು ತನ್ನ ಹೆಸರಿಗೆ ಅಗ್ರಿಮೆಂಟ್ ಮಾಡಿಕೊಳ್ಳುತ್ತಾನೆ. ಇಲ್ಲಿಂದ ಅವನು ದಲಾಲನಲ್ಲ, ಅರ್ಧ ಮಾಲಕ. ಹಗ್ಗ ಹಿಡಿದು ಹೊಲವನ್ನು 30-40ರ ತುಂಡು ಮಾಡುತ್ತಾನೆ. ಒಂದೊಂದು ತುಂಡನ್ನೂ ನೂರು ರೂಪಾಯಿ ಬಾಂಡ್ ಮೇಲೆ ನೋಟರಿ ಮುದ್ರೆ ಹಾಕಿಸಿ ಕೊಡುತ್ತಾನೆ. ಕೊಂಡವನು ಅದನ್ನು ಟ್ರಂಕಿನಲ್ಲಿಟ್ಟು ಕುಂಕುಮ ಹಚ್ಚುತ್ತಾನೆ.

ಆ ಬಾಂಡಿಗೆ ಆ ಕುಂಕುಮದಷ್ಟೂ ಬೆಲೆ ಇಲ್ಲ. ನೂರು ರೂಪಾಯಿಗಿಂತ ಹೆಚ್ಚಿನ ಬೆಲೆಯ ಜಾಗದ ಮಾರಾಟ ರಜಿಸ್ಟರ್ ಆಗಲೇಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ಮತ್ತು 1908ರ ನೋಂದಣಿ ಕಾಯಿದೆ ಹೇಳುತ್ತವೆ. ಜನರಲ್ ಪವರ್ ಆಫ್ ಅಟಾರ್ನಿ, ಅಗ್ರಿಮೆಂಟ್, ಮೃತ್ಯುಪತ್ರ ಇವುಗಳ ಮೇಲೆ ನಡೆಯುವ ಮಾರಾಟದಿಂದ ಮಾಲಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ ಸ್ಪಷ್ಟವಾಗಿ ಹೇಳಿಯಾಗಿದೆ. ದಲಾಲನಿಗೆ ಇದೆಲ್ಲ ಗೊತ್ತಿರುತ್ತದೆ. ಅವನ ಮಾತು ಬೇರೆ: "ರಜಿಸ್ಟ್ರಿ ಖರ್ಚು ಯಾಕ್ರಿ ಮಾಮಾ? ಮುಂದ ಎನ್.ಎ. ಆಗ್ತದ, ಎಲ್ಲಾರ್ದೂ ಕೂಡೇ ಮಾಡಸ್ತೀನಿ." 2025ರ ಆಗಸ್ಟ್ 31ರಿಂದ ನೋಂದಣಿ ಫೀಸು ಶೇಕಡಾ 1ರಿಂದ 2ಕ್ಕೆ ಏರಿದೆ, ಸ್ಟಾಂಪ್ ಡ್ಯೂಟಿ ಬೇರೆ. ಏರಿಕೆಯ ದಿನದಿಂದ ದಲಾಲನ ಈ ಮಾತಿಗೆ ಬಲ ಬಂದಿದೆ. ಸರ್ಕಾರದ ಶೇಕಡಾ 2 ಭಾರವೆನ್ನುವವನೇ ತನ್ನ ಶೇಕಡಾ 2ನ್ನು ಮಾತ್ರ ಒಂದು ರೂಪಾಯಿ ಬಿಡದೆ ಎಣಿಸಿಕೊಳ್ಳುತ್ತಾನೆ ಎಂಬುದನ್ನು ಗಮನಿಸಿ.

ಗುಂಟೆಯ ಲೆಕ್ಕದಲ್ಲೂ ಕೈಚಳಕ ಇದೆ. ಒಂದು ಗುಂಟೆ ಎಂದರೆ 1,089 ಚದರ ಅಡಿ. 30-40ರ ಪ್ಲಾಟು 1,200 ಚದರ ಅಡಿ. ಎಕರೆಗೆ 40 ಗುಂಟೆ, 43,560 ಅಡಿ, ಹಾಗಾದರೆ 36 ಪ್ಲಾಟು ಎಂದು ಹೇಳಿ 36 ಜನರಿಗೆ ಮಾರಿದರೆ ರಸ್ತೆ ಎಲ್ಲಿ? ಗಟಾರ ಎಲ್ಲಿ? ಸರಿಯಾದ ಬಡಾವಣೆಯಲ್ಲಿ ರಸ್ತೆ, ಉದ್ಯಾನದ ಜಾಗ ತೆಗೆದ ಮೇಲೆ ಉಳಿಯುವುದು ಬಹಳ ಕಡಿಮೆ. ಅದಕ್ಕೇ ಸರಿಯಾದ ಪ್ಲಾಟಿನ ಬೆಲೆ ಹೆಚ್ಚು. 'ಅಗ್ಗ' ಎಂದು ತೋರಿಸಿದ ಪ್ಲಾಟಿನಲ್ಲಿ ನಿಮಗೆ ಮಾರಿರುವುದು ನಿಮ್ಮ ಮನಿ ಮುಂದಿನ ರಸ್ತೆಯನ್ನೇ.

2025ರಲ್ಲಿ ಸರ್ಕಾರ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೂ ಬಿ-ಖಾತಾ ಕೊಡಲು ಹೊರಟಾಗ ದಲಾಲರ ಬಾಯಿಗೆ ಮತ್ತೊಂದು ಸಕ್ಕರೆ ಬಿತ್ತು. "ಈಗ ಎಲ್ಲಾ ಸರ್ಕಾರೀನೇ ಒಪ್ಪೇದ" ಎನ್ನುತ್ತಾರೆ. ಬಿ-ಖಾತಾ ಎಂದರೆ ತೆರಿಗೆ ಕಟ್ಟಿಸಿಕೊಳ್ಳುವ ಲೆಕ್ಕ. ಅದರಿಂದ ಬಡಾವಣೆ ಅಧಿಕೃತವಾಗುವುದಿಲ್ಲ. ಹಳ್ಳಿಯಲ್ಲಾದರೆ ಪಂಚಾಯ್ತಿಯ ಇ-ಸ್ವತ್ತು ನಮೂನೆ 9 ಮತ್ತು 11 ಕೇಳಬೇಕು. 11-ಬಿ ತೋರಿಸಿದರೆ ಯಾಕೆ 'ಬಿ' ಎಂದು ಕೇಳಬೇಕು. ಉತ್ತರ ಹೇಳುವ ಬದಲು ಚಹಾ ಹೇಳುವವನು ದಲಾಲಿಗೆ ಲಾಯಕ್ಕಲ್ಲ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಸಾಲ ಬೇಕಾಗಿರಲಿ, ಬೇಡವಾಗಿರಲಿ, "ಬ್ಯಾಂಕಿನಾಗ ಸಾಲ ಕೇಳ್ತೀನಿ, ಕಾಗದದ ಜೆರಾಕ್ಸ್ ಕೊಡ್ರಿ" ಎನ್ನಿ. ಬ್ಯಾಂಕಿನವರು ತಮ್ಮ ವಕೀಲರಿಂದ ಮೂಲಪತ್ರ, ಋಣಭಾರ ಪತ್ರ, ಖಾತಾ ಎಲ್ಲ ನೋಡಿಸುತ್ತಾರೆ. ಬಾಂಡ್ ಪ್ಲಾಟಿನ ಮೇಲೆ ಗೃಹಸಾಲ ಹುಟ್ಟುವುದಿಲ್ಲ. ಬ್ಯಾಂಕಿನ ಹೆಸರು ತೆಗೆದ ಕೂಡಲೇ "ಇನ್ನೊಬ್ಬ ಗಿರಾಕಿ ನಾಳೆ ರೊಕ್ಕ ತರ್ಲತ್ತಾನ" ಎಂದು ಅವಸರ ಮಾಡುವ ದಲಾಲನಿಗೆ, ಆ ಗಿರಾಕಿಗೇ ಕೊಡಪ್ಪಾ ಎಂದು ಕೈಮುಗಿಯಿರಿ. ಆ ಇನ್ನೊಬ್ಬ ಗಿರಾಕಿಯನ್ನು ಈ ಮೂರು ತಾಲೂಕಿನಲ್ಲಿ ಕಣ್ಣಾರೆ ಕಂಡವರು ಯಾರೂ ಇರಲಿಕ್ಕಿಲ್ಲ.

ಹೇಳಬೇಕಾದವನು ಹೇಳದಿದ್ದರೆ

ಒಳ್ಳೆಯ ದಲಾಲ ಹೇಗಿರುತ್ತಾನೆ? ಅವನು ಮನಿಯ ದೋಷವನ್ನು ಕೇಳುವ ಮೊದಲೇ ಹೇಳುತ್ತಾನೆ. ಅಂಥವರು ಇದ್ದಾರೆ, ಪ್ರತಿ ಊರಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅವರು ಮನಿ ತೋರಿಸುವ ಮೊದಲು ಕಾಗದ ತೋರಿಸುತ್ತಾರೆ.

ಅಣ್ಣತಮ್ಮಂದಿರ ಪಾಲಿನ ಮನಿಯಾದರೆ ಹೆಣ್ಣುಮಕ್ಕಳ ಸಹಿ ಆಗಿದೆಯೇ ಎಂದು ಅವನೇ ಮಾಲಕನನ್ನು ಕೇಳುತ್ತಾನೆ. ಕೆಟ್ಟ ದಲಾಲ ಹೇಳುವುದು, "ಹೆಣ್ಮಕ್ಕಳು ಮದುವಿ ಆಗಿ ಹೋಗ್ಯಾರ, ಅವರ ಸಹಿ ಯಾಕ?" ಯಾಕೆಂದರೆ, ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರ 2005ರಲ್ಲಿ ತಂದಿತು, ತಂದೆ 2005ರಲ್ಲಿ ಬದುಕಿದ್ದರೂ ಇರದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಸೊಲ್ಲಾಪುರಕ್ಕೋ ಅಕ್ಕಲಕೋಟೆಗೋ ಕೊಟ್ಟ ಮಗಳು ಐದು ವರ್ಷದ ಮೇಲೆ ದಾವೆ ಹಾಕಿದರೆ ನೋಟೀಸು ಬರುವುದು ಮನಿ ಕೊಂಡವನಿಗೂ. ದಲಾಲನಿಗೆ ಬರುವುದಿಲ್ಲ, ಅವನ ಹೆಸರು ಎಲ್ಲಿಯೂ ಇಲ್ಲವಲ್ಲ!

ಹೊಲದ ಜಾಗವಾದರೆ ಪಹಣಿಯ 9ನೇ ಕಾಲಮಿನಲ್ಲಿ ಮಾಲಕನ ಹೆಸರು ನೋಡಿ ಸುಮ್ಮನಾಗುವವರೇ ಹೆಚ್ಚು. 11ನೇ ಕಾಲಮು ನೋಡಿರಿ. ಅಡವು, ಸಾಲ, ತಡೆ ಅಲ್ಲಿರುತ್ತವೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿಯಾದರೆ 1978ರ ಪಿ.ಟಿ.ಸಿ.ಎಲ್. ಕಾಯಿದೆ ಇದೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ. ಭೂಮಿ ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಬಡವನ ಭೂಮಿ ಬಡವನಿಗೆ ಉಳಿಯಬೇಕಾದದ್ದೇ. ಅದನ್ನು ಮುಚ್ಚಿಟ್ಟು ಮತ್ತೊಬ್ಬ ಬಡವನಿಗೆ ಮಾರಿಸಿ, ಇಬ್ಬರನ್ನೂ ಕೋರ್ಟಿನ ಕಟ್ಟೆಯ ಮೇಲೆ ಎದುರುಬದುರು ಕೂರಿಸಿ, ತಾನು ಮೂರನೇ ಊರಿನಲ್ಲಿ ಪ್ಲಾಟು ಅಳೆಯುತ್ತಿರುವವನಿಗೆ ಏನೆನ್ನಬೇಕು?

ಇನ್ನು ನೆಲದ ಮಾತು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಪಾಯ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ. ದಲಾಲರು ಪ್ಲಾಟು ತೋರಿಸಲು ಮಾರ್ಚ್, ಏಪ್ರಿಲ್ ಆರಿಸಿಕೊಳ್ಳುವುದು ಸುಮ್ಮನೆ ಅಲ್ಲ. ಆಗ ನೆಲ ಸಿಮೆಂಟಿನಂತೆ ಗಟ್ಟಿ. ಅದೇ ಪ್ಲಾಟಿಗೆ ಆಗಸ್ಟಿನಲ್ಲಿ ಹೋಗಿ, ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ಪಾಯಕ್ಕೆ ಎಷ್ಟು ಹೆಚ್ಚು ಬೀಳುತ್ತದೆ ಎಂದು ಆ ಊರಿನ ಗೌಂಡಿಯನ್ನು ಕೇಳಿದರೆ ಪ್ಲಾಟಿನ ನಿಜವಾದ ದರ ತಿಳಿಯುತ್ತದೆ. ಹಳೇ ಮನಿಯಾದರೆ ಗೋಡೆಗೆ ಹೊಸ ಸುಣ್ಣ ಕಂಡಲ್ಲಿ ಬೆರಳಿನಿಂದ ಕೆರೆದು ನೋಡಿ, ಸೀಳು ಅಲ್ಲೇ ಇರುತ್ತದೆ.

ಅಫಜಲಪುರ, ಜೇವರ್ಗಿ ಕಡೆ ಕೇಳಬೇಕಾದ ಪ್ರಶ್ನೆ ಇನ್ನೊಂದು: ನೀರು ಎಲ್ಲಿಯ ತನಕ ಬಂದಿತ್ತು? ಭೀಮಾ ನದಿ 2020ರ ಅಕ್ಟೋಬರಿನಲ್ಲಿ ಬಂತು, 2025ರ ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ದಂಡೆಯ ಊರುಗಳಿಗೆ ನಿದ್ದೆ ಇಲ್ಲ. ಗಾಣಗಾಪುರದ ದತ್ತನ ಸನ್ನಿಧಿಯಲ್ಲಿ ಒಂದು ಕೋಲಿ ಇರಲಿ ಎಂದು ಹೊರಗಿನಿಂದ ಬಂದು ಜಾಗ ಹುಡುಕುವ ಭಕ್ತರಿಗಂತೂ ದಲಾಲ ಹೇಳಿದ್ದೇ ಪುರಾಣ. ಪ್ಲಾಟಿನ ಪಕ್ಕದ ಮನಿಗೆ ಹೋಗಿ ಅಲ್ಲಿಯ ಮುದುಕಿಯನ್ನು ಕೇಳಿರಿ. "ಈ ಗೋಡಿ ತನಾ ಬಂದಿತ್ತು ನೋಡ್ರಿ" ಎಂದು ಕೈಯಿಟ್ಟು ತೋರಿಸುತ್ತಾಳೆ, ದಲಾಲಿ ಕೇಳುವುದಿಲ್ಲ.

ಮುಂಗಡದ ಬಗ್ಗೆ ಒಂದೇ ಮಾತು. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ತೆಗೆದುಕೊಳ್ಳಬಾರದೆಂದು 2015ರ ಜೂನ್ 1ರಿಂದ ಆದಾಯ ತೆರಿಗೆಯ ನಿಯಮ ಇದೆ. ಇಸಾರವನ್ನು ಮಾಲಕನ ಖಾತೆಗೇ ಚೆಕ್ಕಿನಲ್ಲೋ ಬ್ಯಾಂಕಿನಲ್ಲೋ ಹಾಕಿ. ದಲಾಲನ ಕೈಗೆ ದಲಾಲಿ ಬಿಟ್ಟು ಬೇರೆ ಒಂದು ರೂಪಾಯಿಯೂ ಹೋಗಬಾರದು. ಆ ದಲಾಲಿಗೂ ರಸೀದಿ ಇರಲಿ. ರಸೀದಿ ಇದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು. ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ದರೆ ಅಲ್ಲಿ ದೂರಿಗೆ ಫೀಸು ಕೂಡ ಇಲ್ಲ.

ಖರೀದಿ ಪತ್ರದಲ್ಲಿ ಒಂದು ಸಾಲು

ಈಗ ಸರ್ಕಾರಕ್ಕೆ ಒಂದು ಮಾತು. ಯಾವುದಾದರೂ ಖರೀದಿ ಪತ್ರ ತೆಗೆದು ನೋಡಿ. ಮಾರುವವನ ಹೆಸರು ಇದೆ, ಕೊಳ್ಳುವವನ ಹೆಸರು ಇದೆ. ಇಬ್ಬರದೂ ಫೋಟೋ, ಹೆಬ್ಬೆಟ್ಟು. ಸಾಕ್ಷಿದಾರರ ಸಹಿ ಇದೆ. ಪತ್ರ ಬರೆದವನಿಗೆ 1979ರ ನಿಯಮದಂತೆ ಲೈಸೆನ್ಸ್ ಇದೆ. ಚಕ್ಕುಬಂದಿಯಲ್ಲಿ ಪಕ್ಕದ ಮನಿಯವನ ಹೆಸರೂ ಇದೆ, ಅವನಿಗೆ ಈ ವ್ಯಾಪಾರದಿಂದ ಒಂದು ಕಪ್ಪು ಚಹಾ ಕೂಡ ಸಿಕ್ಕಿರುವುದಿಲ್ಲ. ಇಡೀ ವ್ಯಾಪಾರ ಕೂಡಿಸಿದವನ, ಎರಡೂ ಕಡೆ ತಿಂದವನ ಹೆಸರು ಮಾತ್ರ ಇಲ್ಲ.

ಪತ್ರದಲ್ಲಿ ಒಂದು ಸಾಲು ಸೇರಿಸಲು ಏನು ಕಷ್ಟ? 'ಈ ವ್ಯವಹಾರ ಇಂಥವರ ಮಧ್ಯಸ್ಥಿಕೆಯಿಂದ ನಡೆದಿದೆ, ಇವರಿಗೆ ಕೊಳ್ಳುವವರು ಇಷ್ಟು, ಮಾರುವವರು ಇಷ್ಟು ದಲಾಲಿ ಕೊಟ್ಟಿದ್ದಾರೆ.' ದಲಾಲ ಇಲ್ಲದಿದ್ದರೆ 'ಯಾರೂ ಇಲ್ಲ' ಎಂದು ಬರೆಯಲಿ. ಕಾವೇರಿ ತಂತ್ರಾಂಶದಲ್ಲಿ ಅಷ್ಟೆಲ್ಲ ಖಾನೆಗಳಿವೆ, ಇನ್ನೊಂದು ಖಾನೆ ಇರಲಿ. ಇದರ ಜೊತೆಗೆ ತಾಲೂಕು ಮಟ್ಟದಲ್ಲಿ ದಲಾಲರ ಪಟ್ಟಿ ಆಗಲಿ. 25,000ದ ಫೀಸು ಬೇಡ, ಸಣ್ಣ ದಲಾಲನೂ ಕಟ್ಟಬಲ್ಲ ಐನೂರೋ ಸಾವಿರವೋ ಸಾಕು. ಆಧಾರ್, ಫೋಟೋ, ವಿಳಾಸ. ಆ ಪಟ್ಟಿಯನ್ನು ಆಳಂದ, ಅಫಜಲಪುರ, ಜೇವರ್ಗಿಯ ಸಬ್ ರಜಿಸ್ಟ್ರಾರ್ ಕಚೇರಿಗಳ ಗೋಡೆಗೆ ದೊಡ್ಡ ಅಕ್ಷರದಲ್ಲಿ ಹಚ್ಚಲಿ. ಯಾರ ಮೇಲೆ ಕೇಸ್ ಆಗಿದೆಯೋ ಅವನ ಹೆಸರಿನ ಮುಂದೆ ಅದೂ ಇರಲಿ.

2024ರ ಸೆಪ್ಟೆಂಬರಿನಿಂದ ಜಿಲ್ಲೆಯ ಯಾವ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಜನರಿಗೆ ಅನುಕೂಲವೇ ಹೌದು, ಆದರೆ ಜೇವರ್ಗಿಯ ಜಾಗ ಆಳಂದದಲ್ಲಿ ರಜಿಸ್ಟರ್ ಆದರೆ ಆ ಜಾಗವನ್ನೂ ಆ ದಲಾಲನನ್ನೂ ಬಲ್ಲವರು ಅಲ್ಲಿ ಯಾರೂ ಇರುವುದಿಲ್ಲ. ಊರ ಕಣ್ಣು ತಪ್ಪಿದ ಮೇಲೆ ಕಾಗದದ ಕಣ್ಣಾದರೂ ಬೇಕು.

ಪ್ರಾಮಾಣಿಕ ದಲಾಲರು ಇದಕ್ಕೆ ವಿರೋಧ ಮಾಡಲಾರರು. ಖರೀದಿ ಪತ್ರದಲ್ಲಿ ಹೆಸರು ಬಂದರೆ ಅವರಿಗೆ ದಲಾಲಿ ಮುಳುಗಿಸುವ ಗಿರಾಕಿಯ ಕಾಟವೂ ತಪ್ಪುತ್ತದೆ. ವ್ಯಾಪಾರ ಮುಗಿದ ಮೇಲೆ "ನಾಳೆ ಬಾ" ಎಂದು ತಿರುಗಾಡಿಸುವ ಸಾಹುಕಾರರು ನಮ್ಮಲ್ಲಿ ಕಡಿಮೆ ಇಲ್ಲ, ಅದನ್ನೂ ಹೇಳಬೇಕು. ಪತ್ರದಲ್ಲಿ ಬರೆದ ಕೂಲಿಯನ್ನು ಯಾವ ಸಾಹುಕಾರನೂ ಇಲ್ಲವೆನ್ನಲಾರ. ಯಾರು ಯಾರು ಬೇಡವೆಂದು ಕೂಗುತ್ತಾರೋ ಅವರ ಹೆಸರನ್ನು ಓದುಗರು ಬರೆದಿಟ್ಟುಕೊಳ್ಳಲಿ, ತೊಗರಿ ರಾಶಿ ಮುಗಿದು ಮನಿ ಹುಡುಕಲು ಹೊರಡುವಾಗ ಆ ಪಟ್ಟಿ ಕೈಯಲ್ಲಿರಲಿ.